ಎಡಮುಖದ ಶಂಖ

ಶ್ರೀ ಶ್ರೀ ದುರ್ಗಾ ಸಹಾಯ

ಕೃಷ್ಣನಗರ
ಜ್ಯೇಷ್ಠ ೧೫, ಬಂಗಾಳಿ ಸನ್ ೧೩೬೨

ಬರ್ಧಮಾನದ ಬೀಗಿತ್ತಿ ನಿಭಾನನಿಯವರಿಗೆ ಕೃಷ್ಣನಗರದ ತರುಬಾಲೆಯ ನಮಸ್ಕಾರಗಳು.

ಅಳಿಯನ ಷಷ್ಠಿಗೆ ಅಳಿಯಂದಿರು ಬರಲಿಲ್ಲ. ಮದುವೆ ಮನೆಗಳ ಮಿಠಾಯಿ ಒಪ್ಪಿಕೊಂಡಿದ್ದೇವೆ, ಒಲೆ ಬಿಟ್ಟು ಏಳುವ ಹಾಗಿಲ್ಲ ಎಂದು ನಿಮ್ಮ ಮಗ ಅನಾದಿ ಬರೆದ ಕಾಗದ ಷಷ್ಠಿಯ ಬೆಳಿಗ್ಗೆಯೇ ಕೈಸೇರಿತು. ಅಷ್ಟರಲ್ಲಿ ನಾನು ಹಾಲು ಒಡೆಸಿ, ಛಾನಾವನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ ಆಗಿತ್ತು. ಮದುವೆಯಾದ ಮೊದಲ ವರ್ಷದ ಷಷ್ಠಿ! ಓಣಿಯ ಅತ್ತೆಯರೆಲ್ಲ ಅಳಿಯಂದಿರಿಗೆ ಬೀಸಣಿಗೆ ಬೀಸುತ್ತಿದ್ದರೆ ನಾನೊಬ್ಬಳು ಒಲೆಗೆ ಬೀಸುತ್ತಾ ಕೂತಿದ್ದೆ.

ಅವರು ಬರದಿದ್ದರೇನು, ಮಿಠಾಯಿಯಾದರೂ ಹೋಗಲಿ ಎಂದು ಮಗ ಬಲಾಯಿಯ ಕೈಯಲ್ಲಿ ಬುತ್ತಿ ಕಳಿಸಿದ್ದೇನೆ. ಬಿಸಿಲಿಗೆ ಕೆಡದಿರಲೆಂದು ಸಂದೇಶ್ ಅನ್ನು ಗಟ್ಟಿ ಪಾಕಕ್ಕೆ ತಂದಿದ್ದೇನೆ. ಕೆನೆಯ ಸರಪೂರಿಯಾ ಮಾತ್ರ ಬಂದ ದಿನವೇ ಮುಗಿಸಿಬಿಡಿ. ನಿಮ್ಮೂರಿನ ಮಿಹಿದಾನಾ ತಿಂದು ತಿಂದು ನಿಮ್ಮ ನಾಲಿಗೆ ಮರಗಟ್ಟಿರುತ್ತದೆ, ಪಾಪ. ಸಾಸಿವೆಯಷ್ಟು ದಪ್ಪದ ಬೂಂದಿ, ಅದಕ್ಕೊಂದು ಹೆಸರು, ಹೆಸರಿಗೊಂದು ಜಂಬ! ಸಿಟ್ಟಾಗಬೇಡಿ. ಬೀಗರನ್ನು ಹಂಗಿಸದಿದ್ದರೆ ಸಂಬಂಧ ಗಟ್ಟಿಯಾಗುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದರು.

ಮರೆಯುವ ಮೊದಲು ಒಂದು ಮಾತು. ಶಂಖದ ಅಚ್ಚಿನ ಸಂದೇಶ್‌ಗಳಲ್ಲಿ ಎಲ್ಲದರ ಬಾಯಿ ಬಲಕ್ಕಿದೆ, ಒಂದರದ್ದು ಮಾತ್ರ ಎಡಕ್ಕಿದೆ. ಅದು ಅಳಿಯಂದಿರಿಗೇ ಸಲ್ಲಬೇಕಾದ್ದು, ಬೇರೆ ಯಾರಿಗೂ ಅಲ್ಲ. ಮಗಳು ಜೂಥಿಗೆ ಗೊತ್ತು. ಹರಿವಾಣವನ್ನು ಅವಳ ಕೈಗೇ ಕೊಡಿ, ಅವಳೇ ಬಡಿಸಲಿ.

ಹಲಸಿನ ಮರದ ಆ ಹರಿವಾಣ ನಮ್ಮತ್ತೆಯದು. ಅವಸರವಿಲ್ಲ, ಆದರೆ ಖಾಲಿ ಕಳಿಸಬೇಡಿ. ಬೀಗರ ಮನೆಯಿಂದ ಖಾಲಿ ಪಾತ್ರೆ ಹೊರಬೀಳಬಾರದು. ದುರ್ಗಾಪೂಜೆಗೆ ಜೂಥಿಯ ಜೊತೆಯಲ್ಲೇ ಅದು ಬಂದರೆ ಬಾಗಿಲಲ್ಲಿ ನಿಂತು ಶಂಖ ಊದಿ ಇಬ್ಬರನ್ನೂ ಒಳಗೆ ಕರೆದುಕೊಳ್ಳುತ್ತೇನೆ. ಮಗಳಿಲ್ಲದ ಮನೆಯಲ್ಲಿ ಬೆಕ್ಕು ಕೂಡ ಕೂಗುವುದಿಲ್ಲ.

ಇತಿ
ತರುಬಾಲಾ ಮೋದಕ


ಬರ್ಧಮಾನ
ಜ್ಯೇಷ್ಠ ೨೦

ಬೀಗಿತ್ತಿಯವರಿಗೆ ನಮಸ್ಕಾರ.

ನಿಮ್ಮ ಬುತ್ತಿ ಏಕಾದಶಿಯ ಸಂಜೆ ತಲುಪಿತು. ಎಪ್ಪತ್ತು ದಾಟಿದ ವಿಧವೆ ಅತ್ತೆ ನಮ್ಮ ಮನೆಯಲ್ಲಿದ್ದಾರೆ ಎಂಬುದು ನಿಮಗೆ ಗೊತ್ತು. ಏಕಾದಶಿ ಎಂದರೆ ಅವರಿಗೆ ಒಂದು ಹನಿ ನೀರೂ ಇಲ್ಲ, ಈ ಜ್ಯೇಷ್ಠದ ಉರಿಯಲ್ಲೂ ಇಲ್ಲ. ದ್ವಾದಶಿಯ ಬೆಳಿಗ್ಗೆ ಮಿಂದು ಮಡಿಯುಟ್ಟು, ದೇವರಿಗೆ ಹೂವಿಟ್ಟು ಬಂದು ಅವರು ಮೊದಲು ಬಾಯಿಗಿಟ್ಟದ್ದು ನಿಮ್ಮ ಎಡಮುಖದ ಶಂಖವನ್ನು.

ಹೌದು, ನಿಮ್ಮ ಕಾಗದ ಓದಿದ್ದೆ. ಎಲ್ಲಕ್ಕಿಂತ ಶ್ರೇಷ್ಠವಾದದ್ದನ್ನು ಬೇರೆ ಅಚ್ಚಿನಲ್ಲಿ ಒತ್ತಿ ಅಳಿಯನಿಗೆಂದು ಎತ್ತಿಟ್ಟಿದ್ದೀರಿ ಎಂದುಕೊಂಡೆ. ಮತ್ತೇನೆಂದುಕೊಳ್ಳಬೇಕಿತ್ತು? ನಮ್ಮ ಮನೆಯಲ್ಲಿ ಒಳ್ಳೆಯದು ಮೊದಲು ಹಿರಿಯರ ಬಾಯಿಗೆ, ಆಮೇಲೆ ಮಕ್ಕಳಿಗೆ. ನಾನೇ ನನ್ನ ಕೈಯಾರೆ ಅತ್ತೆಯ ಕಲ್ಲಿನ ತಟ್ಟೆಯಲ್ಲಿ ಅದನ್ನಿಟ್ಟು ಕೊಟ್ಟೆ. ಒಳಗೆ ಅರೆದ ಹಸಿಮೆಣಸಿನಕಾಯಿ, ಮುಷ್ಟಿ ಉಪ್ಪು!

ಅತ್ತೆಯ ಕಣ್ಣಲ್ಲಿ ದಳದಳ ನೀರು ಸುರಿಯಿತು. ಎದೆ ಹಿಡಿದುಕೊಂಡು ಕುಸಿದು ಕೂತರು. ಮೈಯೆಲ್ಲ ಅಲುಗುತ್ತಿತ್ತು, ಮಾತೇ ಹೊರಡಲಿಲ್ಲ. ನಿಮ್ಮ ಮಗಳು ಎರಡು ದಿನದಿಂದ ತಲೆ ಎತ್ತದೆ ಮಲಗಿದ್ದವಳು, ಛಾನಾದ ವಾಸನೆಗೇ ಅವಳಿಗೆ ಓಕರಿಕೆ. ಸದ್ದು ಕೇಳಿ ಓಡಿಬಂದು, "ಅಯ್ಯೋ ಅಮ್ಮಾ, ಅದನ್ಯಾಕೆ ಕೊಟ್ರಿ? ಅದು ಅಳಿಯನ್ನ ಬೇಸ್ತು ಬೀಳ್ಸೋಕೆ ಮಾಡೋದು!" ಎಂದಳು.

ಬೇಸ್ತು ಬಿದ್ದದ್ದು ಯಾರು ಎಂದು ಊರಿಗೆಲ್ಲ ಗೊತ್ತಾಯಿತು. ಇನ್ನು ಮುಂದೆ ನಿಮ್ಮ ಅಡುಗೆಮನೆಯ ಮಿಠಾಯಿ ನನ್ನ ಹೊಸ್ತಿಲು ದಾಟುವುದು ಬೇಡ. ಹರಿವಾಣ ತೊಳೆದಿಟ್ಟಿದ್ದೇನೆ. ಅದರಲ್ಲಿ ಹಾಕಿ ಕಳಿಸುವಂಥದ್ದು ಸದ್ಯಕ್ಕೆ ನನ್ನ ಬಳಿ ಏನೂ ಇಲ್ಲ.

ನಿಭಾನನಿ ನಂದಿ


ಕೃಷ್ಣನಗರ
ಜ್ಯೇಷ್ಠ ೨೭

ಬೀಗಿತ್ತಿಯವರೇ,

ಕಾಗದ ಓದಿದೆ. ನಿಮ್ಮತ್ತೆ ದೊಡ್ಡಮ್ಮನವರ ಪಾದಕ್ಕೆ ತಲೆಯಿಟ್ಟು ಬೇಡಿಕೊಂಡೆ ಎಂದು ದಯವಿಟ್ಟು ಅವರಿಗೆ ಓದಿ ಹೇಳಿ. ಮೂರು ತಲೆಮಾರಿನಿಂದ ಛಾನಾ ನಾದಿದ ಮನೆ ನಮ್ಮದು. ಉಪವಾಸ ಬಿಡುವ ಬಾಯಿಗೆ ಕಾರ ಇಟ್ಟವಳು ಈ ಮನೆಯಲ್ಲಿ ನಾನೊಬ್ಬಳೇ. ಬಲಾಯಿಯ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಉಪ್ಪು ಬೇಕಾದರೂ ಗೋಡೆಯನ್ನು ನೋಡಿ ಕೇಳುತ್ತಾರೆ.

ಆದರೂ ಕೇಳದೆ ಇರಲಾರೆ. ಬೇರೆ ಯಾರಿಗೂ ಅಲ್ಲ ಎಂದು ನಾನು ಬರೆದಿರಲಿಲ್ಲವೇ? ನೀವೂ ಮಿಠಾಯಿಯವರ ಮನೆಯಲ್ಲೇ ಹುಟ್ಟಿ ಮಿಠಾಯಿಯವರ ಮನೆಯನ್ನೇ ಸೇರಿದವರು. ಷಷ್ಠಿಯ ದಿನ ಅಳಿಯನ ತಟ್ಟೆಯಲ್ಲಿ ಮೋಸದ ಮಿಠಾಯಿ ಇಡುವುದು ನಿಮ್ಮ ಕಡೆ ಇಲ್ಲವೇ? ನಮ್ಮಮ್ಮ ನನ್ನ ಗಂಡನಿಗೆ ಹತ್ತಿ ತುಂಬಿದ ಸಂದೇಶ್ ಕೊಟ್ಟಿದ್ದಳು. ಆ ಮಹಾನುಭಾವರು ಮರ್ಯಾದೆಗೆ ಅಂಜಿ ಅದನ್ನೂ ನುಂಗಿ ನೀರು ಕುಡಿದರು. ನಮ್ಮ ತವರಲ್ಲಿ ಇಂದಿಗೂ ಅವರನ್ನು ದಿಂಬು ಎಂದೇ ಕರೆಯುತ್ತಾರೆ.

ಹೋಗಲಿ, ಮಾತು ಮನೆ ಕೆಡಿಸಿತು ಎನ್ನುತ್ತಾರೆ, ನಾನು ನಿಲ್ಲಿಸುತ್ತೇನೆ. ಜೂಥಿಗೆ ಛಾನಾದ ವಾಸನೆ ಆಗದು ಎಂದಿರಿ. ಛಾನಾದ ಬಟ್ಟೆಯ ಕೆಳಗೇ ಹುಟ್ಟಿ ಬೆಳೆದವಳು ಅವಳು. ನಾನು ಅಂದುಕೊಂಡದ್ದು ನಿಜವೇ? ನಿಜವಾಗಿದ್ದರೆ ಒಂದು ಸಾಲು ಬರೆಯಿರಿ. ನಾನೇ ಬಂದು ದೊಡ್ಡಮ್ಮನವರ ಕಾಲು ಹಿಡಿದು, ಮಗಳ ಮುಖವನ್ನೂ ನೋಡಿಕೊಂಡು ಹೋಗುತ್ತೇನೆ.

ತರುಬಾಲಾ


ಬರ್ಧಮಾನ
ಶ್ರಾವಣ ೬

ಬೀಗಿತ್ತಿಯವರಿಗೆ,

ಉತ್ತರ ತಡವಾಯಿತು. ನಿಮ್ಮ ಎಣಿಕೆ ನಿಜ. ಸೂಲಗಿತ್ತಿ ನೋಡಿ ಹೋಗಿದ್ದಾಳೆ, ಮಾಘದಲ್ಲಿ ಹೆರಿಗೆ ಎಂದಿದ್ದಾಳೆ. ಓಕರಿಕೆ ನಿಂತಿದೆ. ಈಗ ಅವಳಿಗೆ ಹುಣಸೆಹಣ್ಣು ಬೇಕು, ಉಪ್ಪಿನಕಾಯಿ ಬೇಕು, ಒಲೆಯ ಸುಟ್ಟ ಮಣ್ಣೂ ಬೇಕು.

ನೀವು ಬರುವುದು ಬೇಡ. ನಮ್ಮತ್ತೆಯ ಮುಂದೆ ನಿಮ್ಮ ಹೆಸರು ಎತ್ತುವ ಹಾಗಿಲ್ಲ, ಎತ್ತಿದರೆ ಅವರಿಗೆ ಮತ್ತೆ ಎದೆ ಹಿಡಿದುಕೊಳ್ಳುತ್ತದೆ. ಜೂಥಿಯನ್ನೂ ಈಗ ಕಳಿಸಲಾಗದು. ಇನ್ನೇನು ಭಾದ್ರ ಬಂತು. ಭಾದ್ರದಲ್ಲಿ ಯಾರಾದರೂ ಸೊಸೆಯನ್ನು ಹೊಸ್ತಿಲು ದಾಟಿಸುತ್ತಾರೆಯೇ?

ಅವಳ ಬಗ್ಗೆ ಚಿಂತೆ ಬೇಡ. ಹಗಲೆಲ್ಲ ಅತ್ತೆಯ ಕಾಲು ಒತ್ತುತ್ತಾ ನಿಮ್ಮ ಊರಿನ ಕಥೆ ಹೇಳುತ್ತಾಳೆ, ಸಂಜೆ ನನ್ನ ಪಕ್ಕ ಕೂತು ತೆಂಗಿನಕಾಯಿ ತುರಿಯುತ್ತಾ ಹಾಡುತ್ತಾಳೆ. ಶ್ರುತಿ ಇಲ್ಲ, ಆದರೆ ಹಾಡು ನಿಲ್ಲುವುದೂ ಇಲ್ಲ. ಈ ಮನೆಯಲ್ಲಿ ಮೊದಲು ಬಾಣಲೆಯ ಸದ್ದೊಂದೇ ಇತ್ತು. ಗಂಡ, ಮಗ ಇಬ್ಬರೂ ಅಂಗಡಿಯಲ್ಲಿ ಮಾತು ಮುಗಿಸಿಕೊಂಡೇ ಮನೆಗೆ ಬರುವವರು.

ನಿಭಾನನಿ


ಶ್ರೀ ಶ್ರೀ ದುರ್ಗಾ ಸಹಾಯ

ಕೃಷ್ಣನಗರ
ಆಶ್ವಿನ ೨೦

ಬೀಗಿತ್ತಿಯವರೇ,

ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು, ಆದರೆ ನನ್ನ ಸಕ್ಕರೆ ನಿಮಗೆ ವರ್ಜ್ಯವಾಯಿತಲ್ಲ. ಓಣಿಗೆಲ್ಲ ಸರಪೂರಿಯಾ ಹಂಚಿದೆ. ಬಲಾಯಿಯ ಅಪ್ಪ ಗೋಡೆಯನ್ನು ಬಿಟ್ಟು ನನ್ನ ಮುಖ ನೋಡಿ ಮಾತಾಡಿದರು.

ಭಾದ್ರ ಕಳೆಯಿತು, ಪೂಜೆ ಬಂತು. ಕೈಲಾಸದಲ್ಲಿ ಸಂಸಾರ ಮಾಡುವ ಜಗದಂಬೆಗೇ ಈ ತಿಂಗಳು ತವರಿಗೆ ಹೋಗಲು ಅಪ್ಪಣೆ ಸಿಗುತ್ತದೆ. ಸ್ಮಶಾನದಲ್ಲಿ ತಿರುಗುವ ಆ ಬೂದಿಬಡುಕ ಗಂಡನೇ ನಾಲ್ಕು ದಿನ ಹೆಂಡತಿಯನ್ನು ಬಿಟ್ಟುಕೊಡುತ್ತಾನೆ. ಬರ್ಧಮಾನದ ನಂದಿಯವರು ಶಿವನಿಗಿಂತ ದೊಡ್ಡವರೇ? ಪಂಚಮಿಯ ದಿನ ಬಲಾಯಿ ಬರುತ್ತಾನೆ. ಜೂಥಿಯನ್ನು ಕಳಿಸಿಕೊಡಿ. ಬಂದವಳು ಹೆರಿಗೆ, ಬಾಣಂತನ ಮುಗಿಸಿಕೊಂಡೇ ಹಿಂತಿರುಗಲಿ. ಚೊಚ್ಚಲ ಹೆರಿಗೆ ತವರಿನ ಹಕ್ಕು, ನಾನು ಭಿಕ್ಷೆ ಬೇಡುತ್ತಿಲ್ಲ. ನಮ್ಮ ಓಣಿಯ ಕೊನೆಯಲ್ಲೇ ಲೇಡಿ ಡಾಕ್ಟರ್ ಇದ್ದಾರೆ, ಕರೆದರೆ ಚಪ್ಪಲಿ ಹಾಕಿಕೊಳ್ಳದೆ ಓಡಿಬರುತ್ತಾರೆ.

ಇಷ್ಟು ಹಟ ಯಾಕೆ ಎಂದು ಕೇಳಬೇಡಿ. ಬಸುರಿಯ ವಿಷಯದಲ್ಲಿ ಎಲ್ಲವನ್ನೂ ಕಾಗದದಲ್ಲಿ ಬರೆಯಬಾರದು. ಕಳಿಸಿಕೊಡಿ, ಅಷ್ಟೇ.

ನಿಮ್ಮ ಅಪ್ಪಣೆಯಂತೆ ಬಲಾಯಿಯ ಕೈಯಲ್ಲಿ ಮಿಠಾಯಿಯ ಒಂದು ಚೂರೂ ಇರುವುದಿಲ್ಲ. ನಿಮ್ಮ ಹೊಸ್ತಿಲು ಮಡಿಯಾಗಿಯೇ ಇರಲಿ.

ತರುಬಾಲಾ


ಬರ್ಧಮಾನ
ಕಾರ್ತಿಕ ೧೦

ಬೀಗಿತ್ತಿಯವರಿಗೆ ವಿಜಯದಶಮಿಯ ನಮಸ್ಕಾರ.

ಬಲಾಯಿ ಬರಿಗೈಯಲ್ಲಿ ಹಿಂತಿರುಗಿದ್ದಕ್ಕೆ ನಿಮಗೆ ಸಿಟ್ಟಿರಬಹುದು. ಅವನು ಬರಿಗೈಯಲ್ಲೇ ಬಂದಿದ್ದ ಎಂಬುದನ್ನೂ ನೆನಪಿಡಿ. ಮದುವೆಯಾದ ಮೊದಲ ಪೂಜೆ. ಬೀದಿಯಲ್ಲಿ ಪ್ರತಿಯೊಬ್ಬ ಸೊಸೆಯ ತವರಿನಿಂದಲೂ ಬುತ್ತಿ ಬಂತು. ಒಬ್ಬರ ಮನೆಗೆ ಮದುಮಗಳ ಹಾಗೆ ಸಿಂಗರಿಸಿದ ಮೀನು, ಇನ್ನೊಬ್ಬರಿಗೆ ಬುಟ್ಟಿಗಟ್ಟಲೆ ಸಂದೇಶ್. ಜೂಥಿ ಷಷ್ಠಿಯಿಂದ ದಶಮಿಯವರೆಗೂ ಬಾಗಿಲಲ್ಲಿ ಕೂತಿದ್ದಳು. ನಾನೊಂದು ಮಾತು ಅಂದೆ ಎಂದು ನೀವು ಮಗಳಿಗೂ ಒಂದು ತುಂಡು ಕಳಿಸಲಿಲ್ಲ. ಬಿಟ್ಟ ದನವನ್ನು ಹೊಡೆದುಕೊಂಡು ಹೋಗುವವರ ಹಾಗೆ ಬಂದು, "ತಂಗೀನ ಕಳ್ಸಿ" ಅಂದರೆ ಕಳಿಸಿಬಿಡುವುದೇ?

ನಿಮ್ಮ ಕಾಗದದಲ್ಲಿ ಹಕ್ಕು ಇತ್ತು, ಹಟ ಇತ್ತು, ಲೇಡಿ ಡಾಕ್ಟರ್ ಇದ್ದರು. ನಮ್ಮೂರಲ್ಲೂ ಡಾಕ್ಟರ್ ಇದ್ದಾರೆ. ನಮ್ಮ ಸೂಲಗಿತ್ತಿ ಅನಾದಿ ಹುಟ್ಟಿದಾಗ ಹೆರಿಗೆ ಮಾಡಿಸಿದವಳು, ಅವಳ ಕೈಗುಣಕ್ಕೆ ಬರ್ಧಮಾನವೇ ಸಾಕ್ಷಿ.

ಜೂಥಿ ನಿಮಗೆ ನಮಸ್ಕಾರ ಹೇಳಿದ್ದಾಳೆ. ಅವಳೂ ಒಂದು ಕಾಗದ ಬರೆಯುತ್ತೇನೆ ಎಂದು ಕೂತಳು, ಕಣ್ಣು ಮಂಜಾಗುತ್ತದೆ ಎಂದು ಎದ್ದಳು. ಅಳುವಿಗೆ ಹಾಗಾಗುತ್ತದೆ.

ನಿಭಾನನಿ


ಕೃಷ್ಣನಗರ
ಅಗ್ರಹಾಯಣ ೨

ನಿಭಾನನಿ ದೇವಿಯವರಿಗೆ,

ಮಿಠಾಯಿ ಕಳಿಸಿದರೆ ವಿಷ, ಕಳಿಸದಿದ್ದರೆ ಅವಮಾನ. ನಿಮ್ಮ ಮನೆಯ ನ್ಯಾಯ ನಿಮ್ಮ ಮನೆಯ ಜಿಲೇಬಿಗಿಂತ ಸುತ್ತು. ನಾನು ಪೂಜೆಯ ನಾಲ್ಕೂ ದಿನ ಜೂಥಿಗೆಂದು ಅಚ್ಚು ಒತ್ತಿದೆ, ಒತ್ತಿದ್ದನ್ನೆಲ್ಲ ಮಂಟಪದಲ್ಲಿ ಹಂಚಿದೆ. ನೀವು ಬೇಡ ಎಂದಿರಲಿಲ್ಲವೇ?

ಮೊನ್ನೆ ಸೋದರ ಬಿದಿಗೆ. ಬಲಾಯಿ ಮಿಂದು ಹೊಸ ಬಟ್ಟೆಯುಟ್ಟು ಮಣೆಯ ಮೇಲೆ ಕೂತ. ಹಣೆಗೆ ಚಂದನದ ಬೊಟ್ಟಿಡಲು ತಂಗಿ ಇಲ್ಲ. ಎದ್ದು ಹೋಗಿ ಅಂಗಡಿಯ ಬಾಗಿಲು ತೆಗೆದ. ಅಲ್ಲಿ ನಿಮ್ಮ ಗೋಡೆಗೆ ಜೂಥಿ ಅಣ್ಣನ ಹೆಸರಿನಲ್ಲಿ ಬೊಟ್ಟಿಟ್ಟಿರುತ್ತಾಳೆ. ಬಂದು ಹೋಗುವವರು ಅದನ್ನು ನೋಡಿ ಏನೆಂದುಕೊಳ್ಳುತ್ತಾರೆ ಎಂದು ನಿಮಗೇ ನಾಚಿಕೆಯಾಗಬೇಕು.

ಇನ್ನು ನಾನು ಬರೆಯುವುದಿಲ್ಲ. ನಿಮಗೆ ಬರೆಯಬೇಕು ಅನ್ನಿಸಿದ ದಿನ ಬರೆಯಿರಿ.

ತರುಬಾಲಾ ಮೋದಕ


ಬರ್ಧಮಾನ
ಅಗ್ರಹಾಯಣ ೨೪

ಬೀಗಿತ್ತಿಯವರೇ,

ನಾನೇ ಬರೆಯುತ್ತಿದ್ದೇನೆ, ನೀವೇ ಗೆದ್ದಿರಿ.

ಜೂಥಿ ಸರಿಯಾಗಿ ಉಣ್ಣುತ್ತಿಲ್ಲ. ಬಯಕೆಯ ಊಟಕ್ಕೆ ಎಷ್ಟೊಂದು ಬಗೆ ಮಾಡಿದೆ, ಪಾಯಸವನ್ನೂ ತುಟಿಗೆ ತಾಗಿಸಿ ಕೆಳಗಿಟ್ಟಳು. ಪಾದ ಊದಿದೆ, ಈಗ ಮುಖವೂ ಸ್ವಲ್ಪ ತುಂಬಿಕೊಂಡಿದೆ. ಬಳೆ ಬಿಗಿಯಾಯಿತೆಂದು ಸೋಪಿನ ನೀರು ಹಚ್ಚಿ ತೆಗೆದೆವು. ತಲೆನೋವು ಎನ್ನುತ್ತಾಳೆ. ಸೂಲಗಿತ್ತಿ, "ಚೊಚ್ಚಲಲ್ವಾ, ನೀರು ತುಂಬ್ಕೊಳ್ಳತ್ತೆ, ಹೆತ್ತ್ ಮೇಲೆ ಇಳಿಯತ್ತೆ ಬಿಡಿ" ಎಂದಿದ್ದಾಳೆ. ಗಾಬರಿಯಾಗುವಂಥದ್ದೇನೂ ಇಲ್ಲ.

ನಿನ್ನೆ ಹತ್ತಿರ ಬಂದು ಕೂತು, "ಅಮ್ಮಾ, ಊರಲ್ಲಿ ಈಗ ಈಚಲ ಮರಕ್ಕೆ ಮಡಕೆ ಕಟ್ಟಿರ್ತಾರೆ. ನಮ್ಮಮ್ಮ ಆ ರಸದ ಹೊಸ ಬೆಲ್ಲದ ಸಂದೇಶ್ ಮಾಡಿರ್ತಾಳೆ. ಒಂದೇ ಒಂದು ತಿಂದ್ರೆ ಎಲ್ಲಾ ಸರಿಹೋಗತ್ತೆ ನಂಗೆ" ಎಂದಳು. ನಮ್ಮ ಅಂಗಡಿಯದನ್ನೇ ತರಿಸಿ ಕೊಟ್ಟೆ. ತಿಂದು, ಚೆನ್ನಾಗಿದೆ ಎಂದಳು. ಸುಳ್ಳು ಹೇಳುವಾಗ ಅವಳ ಕಿವಿ ಕೆಂಪಾಗುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ. ಬಲಾಯಿಯ ಕೈಯಲ್ಲಿ ಹೊಸ ಬೆಲ್ಲದ ಸಂದೇಶ್ ಕಳಿಸಿ. ಹೊಸ್ತಿಲಿನ ಮಾತು ಮರೆತುಬಿಡಿ. ಆದರೆ ಅವಳನ್ನು ಕರೆದುಕೊಂಡು ಹೋಗುವ ಮಾತು ಈಗ ಬೇಡ, ಪೌಷ ಹತ್ತಿರ ಬಂತು. ಪೌಷದಲ್ಲಿ ಮನೆಯ ಬೆಕ್ಕನ್ನೂ ಹೊರಗೆ ಅಟ್ಟಬಾರದು. ಮಾಘದ ಮೊದಲ ದಿನ ನಾನೇ ಕರೆತಂದು ಬಿಡುತ್ತೇನೆ. ಆಣೆ ಬೇಕಾದರೆ ಆಣೆ.

ನಿಭಾನನಿ


ಕೃಷ್ಣನಗರ
ಪೌಷ ೫

ನಿಭಾನನಿ,

ಬಲಾಯಿ ನಿನ್ನೆ ನಿಮ್ಮಲ್ಲಿಂದ ಹಿಂತಿರುಗಿದ. ನೀವು ಅವಳನ್ನು ಅವನ ಜೊತೆ ಕಳಿಸಲಿಲ್ಲ.

ಎರಡು ವಿಷಯ ಬರೆಯುತ್ತೇನೆ, ಎರಡನ್ನೂ ಕೊನೆಯವರೆಗೆ ಓದಿ.

ಮೊದಲನೆಯದು. ದೊಡ್ಡಮ್ಮ ಬಲಾಯಿಯನ್ನು ಹತ್ತಿರ ಕೂರಿಸಿಕೊಂಡು ಬುತ್ತಿಯನ್ನೆಲ್ಲ ತಡವಿ ನೋಡಿದರಂತೆ. "ಎಡಮುಖದ್ದು ಎಲ್ಲಪ್ಪಾ? ತಂದಿಲ್ವಾ? ವಿಧವೆ ಆಗಿ ನಲ್ವತ್ತು ವರ್ಷ ಆಯ್ತು, ನನ್ ಜೊತೆ ಯಾರೂ ಒಂದ್ ತಮಾಷೆ ಮಾಡಿರ್ಲಿಲ್ಲ. ನಿಮ್ಮಮ್ಮನ ಶಂಖ ಕಚ್ದಾಗ, ಓ ನಾನಿನ್ನೂ ಬದ್ಕಿದೀನಿ ಅನ್ನಿಸ್ತು ನೋಡು! ನಕ್ಕೂ ನಕ್ಕೂ ಎದೆ ಹಿಡ್ಕೊಂಡ್ಬಿಡ್ತು. ಈಗ್ಲೂ ನಿಮ್ಮಮ್ಮನ ಹೆಸ್ರು ಕೇಳಿದ್ರೆ ನಗು ಬರತ್ತೆ. ಇನ್ನೊಂದು ಕಳ್ಸು ಅಂತ ಸೊಸೆ ಹತ್ರ ಎಷ್ಟ್ ಸಲ ಬರೆಸ್ದೆ, ಬರ್ಲೇ ಇಲ್ಲ" ಎಂದರಂತೆ. ಹೇಳಿ ಮತ್ತೆ ನಕ್ಕರಂತೆ.

ನಕ್ಕರು! ಜ್ಯೇಷ್ಠದಿಂದ ನಾನು ಆ ಮುದುಕಿಯ ಕಣ್ಣೀರು ನೆನೆದು ದೇವರ ಮುಂದೆ ತಲೆ ಚಚ್ಚಿಕೊಂಡಿದ್ದೇನೆ. ಯಾಕೆ ಮುಚ್ಚಿಟ್ಟಿರಿ? ನಾನು ನಿಮಗೇನು ಮಾಡಿದ್ದೆ?

ಎರಡನೆಯದು, ನಾನು ಬರೆಯದೆ ಇಟ್ಟುಕೊಂಡದ್ದು. ನನಗೆ ಒಬ್ಬಳು ತಂಗಿ ಇದ್ದಳು. ಹೀಗೆಯೇ ಮೊದಲು ಕಾಲು ಊದಿತು, ಆಮೇಲೆ ಮುಖ, ಆಮೇಲೆ ಕಣ್ಣು ಮಂಜಾಯಿತು. ನೀರು ತುಂಬಿದೆ, ಇಳಿಯುತ್ತದೆ ಎಂದೇ ಸೂಲಗಿತ್ತಿ ಅಂದಿದ್ದಳು. ಸೆಳೆತ ಬಂದು ಹೋದಳು. ಬಸುರಿಯ ಕಿವಿಗೆ, ಅವಳ ಮನೆಯ ಕಾಗದಕ್ಕೆ ಇಂಥ ಮಾತು ಹೋಗಬಾರದು, ಬಾಯಿಂದ ಬಂದದ್ದು ನಿಜವಾಗುತ್ತದೆ ಎಂದು ಹೆದರಿ ಪೂಜೆ, ಶಿವ, ಹಕ್ಕು ಎಂದೆಲ್ಲ ಬರೆದೆ. ಲೇಡಿ ಡಾಕ್ಟರ್‌ಗೆ ಇವತ್ತು ಎಲ್ಲ ಹೇಳಿದೆ. "ತಡ ಮಾಡ್ಬೇಡಿ, ಇಲ್ಲಿಗಾದ್ರೂ ಸರಿ, ಅಲ್ಲಿಯ ಆಸ್ಪತ್ರೆಗಾದ್ರೂ ಸರಿ, ಇವತ್ತೇ ಸೇರಿಸ್ಬೇಕು" ಎಂದರು.

ಪೌಷಕ್ಕೆ ಬೆಂಕಿ ಬೀಳಲಿ. ಕಾಗದ ಕೈಗೆ ಬಂದ ಕೂಡಲೇ ಅವಳನ್ನು ಆಸ್ಪತ್ರೆಗೆ ಸೇರಿಸಿ. ಸಿಕ್ಕಿದ ರೈಲು ಹತ್ತಿ ನಾನು ಹೊರಡುತ್ತಿದ್ದೇನೆ. ಹೊಸ್ತಿಲಲ್ಲಿ ತಡೆದರೆ ತುಳಿದುಕೊಂಡೇ ಒಳಗೆ ಬರುತ್ತೇನೆ.

ತರುಬಾಲಾ


ಗಂಗಾ

ಬರ್ಧಮಾನ
ಮಾಘ ೧೨

ಬೀಗಿತ್ತಿ,

ಜೂಥಿಯ ಶ್ರಾದ್ಧ ಮುಗಿಯಿತು. ಸಾವಿನ ಮನೆಯ ಕಾಗದವೆಂದು ತಲೆಯ ಮೇಲೆ ಗಂಗೆಯ ಹೆಸರು ಬರೆದಿದ್ದೇನೆ. ಎಷ್ಟೋ ಸಲ ಬರೆಯಲು ಕೂತು ಎದ್ದಿದ್ದೇನೆ.

ನೀವು ಬಂದಾಗ ಅವಳನ್ನು ಅಂಗಳಕ್ಕೆ ತಂದು ಮಲಗಿಸಿ ಆಗಿತ್ತು. ನೀವು ಅವಳ ಪಾದ ಹಿಡಿದು, "ಊತ ಇಳ್ದಿಲ್ಲ" ಎಂದಿರಿ. ಅದೊಂದೇ ಮಾತು. ನನ್ನ ಕಡೆ ನೋಡಲಿಲ್ಲ, ಮಗುವನ್ನೂ ಎತ್ತಿಕೊಳ್ಳಲಿಲ್ಲ, ನೀರನ್ನೂ ಮುಟ್ಟಲಿಲ್ಲ. ನೀವು ನನ್ನನ್ನು ಹೊಡೆದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ನಿಮ್ಮ ಆ ಕಾಗದ ನೀವು ಹೋದ ಮರುದಿನ ಬಂತು.

ಯಾಕೆ ಎಂದು ಕೇಳಿದ್ದಿರಿ. ನಮ್ಮತ್ತೆಯ ತಟ್ಟೆ ಹಿಡಿದು ಮೂವತ್ತು ವರ್ಷವಾಯಿತು. ಚೆನ್ನಾಗಿದೆ ಎಂದು ಒಂದು ದಿನವೂ ಅಂದವರಲ್ಲ. ನಿಮ್ಮ ಕಾಗದ ಓದಿ, ಆ ಶ್ರೇಷ್ಠವಾದದ್ದನ್ನು ನನ್ನ ಕೈಯಿಂದ ತಿಂದಾದರೂ ಒಂದು ಒಳ್ಳೆ ಮಾತಾಡಲಿ ಎಂದು ಆಸೆಪಟ್ಟೆ. ಅವರು ನಕ್ಕರು. ಮೂವತ್ತು ವರ್ಷ ನನ್ನ ಪಾಯಸಕ್ಕೆ ಬಾರದ ನಗು ನಿಮ್ಮ ಮೆಣಸಿನಕಾಯಿಗೆ ಬಂತು. ಹೊಟ್ಟೆ ಉರಿಯಿತು, ಬರೆದೆ. ಆಮೇಲೆ ಸಿಟ್ಟು ಇಳಿಯಿತು. ಇಳಿದಿದೆ ಎಂದು ಬರೆದರೆ ಜೂಥಿಯನ್ನು ಕಳಿಸಬೇಕಾಗುತ್ತಿತ್ತು. ಸಂಜೆ ತೆಂಗಿನಕಾಯಿ ತುರಿಯುವಾಗ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಚೆನ್ನಾಗಿತ್ತು.

ಹೊಸ ಬೆಲ್ಲದ ಸಂದೇಶ್ ಅವಳು ಎರಡು ತಿಂದಳು. ಉಳಿದದ್ದನ್ನು ಮಡಕೆಯಲ್ಲಿಟ್ಟು ಬಟ್ಟೆ ಕಟ್ಟಿ, "ಇದನ್ನ ಯಾರೂ ಮುಟ್ಬಾರ್ದು, ಅಮ್ಮನ ಮನೆಗೆ ಹೋಗೋ ದಿನದ ತನಕ ದಿನಕ್ಕೊಂದು" ಎಂದಿದ್ದಳು. ಮಡಕೆ ಹಾಗೆಯೇ ಇತ್ತು. ನಿನ್ನೆ ಗಂಗೆಗೆ ಬಿಡಿಸಿದೆ.

ಮಗು ಸಣ್ಣದು, ಆದರೆ ಗಟ್ಟಿ.

ನಿಭಾನನಿ


ಬರ್ಧಮಾನ
ಚೈತ್ರ ೩

ಬೀಗಿತ್ತಿ,

ಉತ್ತರ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಅನಾದಿ ಅದರ ಮುಖ ನೋಡಲಾರ. ಹೆಸರು ನೀವು ಹೇಳಿ.

ನಿಭಾನನಿ


ಬರ್ಧಮಾನ
ಆಷಾಢ ೮, ಸನ್ ೧೩೬೩

ಬೀಗಿತ್ತಿ,

ಮಗುವಿಗೆ ಏಳನೆಯ ತಿಂಗಳು ನಡೆಯುತ್ತಿದೆ, ಅನ್ನಪ್ರಾಶನ ಆಗಬೇಕು. ಬಾಯಿಗೆ ಮೊದಲ ಪಾಯಸ ಇಡಬೇಕಾದವನು ಸೋದರಮಾವ. ಬಲಾಯಿಯನ್ನು ಇಲ್ಲಿಗೆ ಕರೆಯುವ ಮುಖ ನನಗಿಲ್ಲ. ಅದಕ್ಕೆ ಮಗುವನ್ನೇ ಅನಾದಿಯ ಜೊತೆ ನಿಮ್ಮಲ್ಲಿಗೆ ಕಳಿಸುತ್ತಿದ್ದೇನೆ. ಜೊತೆಗೆ ಹಾಲೂಡುವ ಹೆಂಗಸೂ ಇದ್ದಾಳೆ.

ನಿಮ್ಮ ಹಲಸಿನ ಹರಿವಾಣವೂ ಬರುತ್ತಿದೆ. ಒಂದು ವರ್ಷ ನನ್ನ ಅಟ್ಟದ ಮೇಲಿತ್ತು. ಖಾಲಿ ಕಳಿಸಬೇಡಿ ಎಂದಿದ್ದಿರಿ. ಏನು ಹಾಕಿದರೂ ಖಾಲಿ ಎಂದೇ ಕಾಣುತ್ತದೆ. ಆದರೂ ಮಿಹಿದಾನಾ ಹಾಕಿದ್ದೇನೆ, ಹಂಗಿಸುವುದಾದರೆ ಹಂಗಿಸಿ.

ನಿಮ್ಮಲ್ಲೇ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ. ನಾನು ಕೇಳುವುದಿಲ್ಲ. ಹೋಗಬೇಕಾದವಳನ್ನು ಹಿಡಿದಿಟ್ಟುಕೊಂಡ ಕೈ ಇದು, ಇನ್ನು ಯಾರನ್ನು ಕೇಳಲಿ? ಅತ್ತೆ ಬೆಳಿಗ್ಗೆಯಿಂದ ಮಗುವಿನ ತೊಟ್ಟಿಲ ಬಟ್ಟೆ ಹಿಡಿದುಕೊಂಡು ಕೂತಿದ್ದಾರೆ. ಜೂಥಿ ಹೋದ ಮೇಲೆ ಅವರು ನಕ್ಕದ್ದನ್ನು ಯಾರೂ ನೋಡಿಲ್ಲ.

ನಿಭಾನನಿ


ಕೃಷ್ಣನಗರ
ಆಶ್ವಿನ ೧೮, ಸನ್ ೧೩೬೩

ನಿಭಾನನಿ,

ಈ ಕಾಗದದ ತಲೆಯ ಮೇಲೆ ದೇವಿಯ ಹೆಸರು ಬರೆದಿಲ್ಲ. ಬರೆಯಲು ಕೈ ಏಳುವುದಿಲ್ಲ. ನಿಮ್ಮನ್ನು ಕ್ಷಮಿಸಿದೆ ಎಂದೂ ಬರೆಯಲಾರೆ, ನನಗೆ ಸುಳ್ಳು ಬಾರದು. ನನ್ನನ್ನೂ ಕ್ಷಮಿಸಿಕೊಂಡಿಲ್ಲ. ಹೆದರಿಕೆಯಾಗಿದೆ ಎಂಬ ಒಂದು ಮಾತನ್ನು ಆಶ್ವಿನದಲ್ಲೇ ಬರೆದಿದ್ದರೆ ನೀವು ಕಳಿಸುತ್ತಿದ್ದಿರಿ. ನೀವು ಅಂಥ ಕೆಟ್ಟವರಲ್ಲ ಎಂಬುದು ಗೊತ್ತಾಗಿದೆ, ಅದೇ ಇನ್ನಷ್ಟು ಸಂಕಟ.

ಬಲಾಯಿ ಪಾಯಸ ತಿನ್ನಿಸಿದ. ಮಗು ಮೊದಲ ತುತ್ತನ್ನು ಉಗಿಯಿತು, ಎರಡನೆಯದಕ್ಕೆ ಚಮಚವನ್ನೇ ಹಿಡಿದು ಎಳೆಯಿತು. ತಾಯಿಯೂ ಹೀಗೆಯೇ ಮಾಡಿದ್ದಳು. ನಾನು ಅಡುಗೆಮನೆಗೆ ಹೋಗಿ ಛಾನಾದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಹೆಸರು ಕೇಳಿದ್ದಿರಿ. ಶೇಫಾಲಿ ಎಂದು ಕರೆಯುತ್ತಿದ್ದೇವೆ. ಪೂಜೆಯ ಹೊತ್ತಿಗೆ ಅಂಗಳದಲ್ಲಿ ಉದುರುವ ಹೂವು, ಜೂಥಿ ಆರಿಸುತ್ತಿದ್ದಳು.

ಮಗುವನ್ನು ಇಲ್ಲೇ ಇಟ್ಟುಕೊಳ್ಳಬೇಕೆಂದು ನನ್ನ ಪ್ರತಿ ಎಲುಬೂ ಹೇಳುತ್ತದೆ. ಇಟ್ಟುಕೊಳ್ಳುವುದಿಲ್ಲ. ಹಿಡಿದಿಟ್ಟುಕೊಂಡರೆ ಏನಾಗುತ್ತದೆ ಎಂದು ನಾವಿಬ್ಬರೂ ನೋಡಿದ್ದೇವೆ. ಭಾದ್ರ ಕಳೆಯಿತು. ಪಂಚಮಿಯ ದಿನ ಬಲಾಯಿ ಶೇಫಾಲಿಯನ್ನು ಕರೆದುಕೊಂಡು ಬರುತ್ತಾನೆ. ಅಪ್ಪನ ಮನೆಯಲ್ಲಿ ಬೆಳೆಯಲಿ. ಪ್ರತಿ ಪೂಜೆಗೆ, ಪ್ರತಿ ಈಚಲ ಬೆಲ್ಲದ ಕಾಲಕ್ಕೆ ಇಲ್ಲಿಗೆ ಬರಲಿ. ಆ ದಿನ ಪೌಷವೋ ಭಾದ್ರವೋ ಎಂದು ಯಾರೂ ಪಂಚಾಂಗ ನೋಡಬಾರದು.

ಬಲಾಯಿ ಬರಿಗೈಯಲ್ಲಿ ಬರುವುದಿಲ್ಲ. ಹರಿವಾಣ ತುಂಬಿ ಕಳಿಸುತ್ತಿದ್ದೇನೆ. ಶಂಖದ ಸಂದೇಶ್‌ಗಳಲ್ಲಿ ಒಂದರ ಬಾಯಿ ಎಡಕ್ಕಿದೆ. ಅದು ದೊಡ್ಡಮ್ಮನಿಗೇ ಸಲ್ಲಬೇಕಾದ್ದು, ಬೇರೆ ಯಾರಿಗೂ ಅಲ್ಲ. ಅದನ್ನು ನಿಮ್ಮ ಕೈಯಿಂದಲೇ ಕೊಡಿ. ಕಾರ ಹೆಚ್ಚೇ ಹಾಕಿದ್ದೇನೆ. ಎರಡು ಮನೆಗಳಲ್ಲಿ ಒಬ್ಬರಾದರೂ ನಗಲಿ.

ತರುಬಾಲಾ